ಕೊಟ್ಟೆ ಹೋದ ಮೇಲಿನ ಸಂತೆ



ಮಲೆನಾಡಿನ ಅನೇಕ ಊರುಗಳಲ್ಲಿ ಪ್ಲಾಸ್ಟಿಕ್ ಚೀಲವನ್ನು ‘ಕೊಟ್ಟೆ’ ಎಂದೇ ಕರೆಯುವ ರೂಢಿಯಿದೆ. ಮೂಲದಲ್ಲಿ ಕೊಟ್ಟೆಯೆಂದರೆ ಎಲೆಗಳಿಗೆ ಕಡ್ಡಿ ಚುಚ್ಚಿ ಕಟ್ಟಿದ ದೊನ್ನೆ. ಕೊಟ್ಟೆ ಕಡುಬು ಬೇಯುವುದು ಇಂದಿಗೂ ಹಲಸಿನೆಲೆಯ ಕೊಟ್ಟೆಯಲ್ಲಿಯೇ. ಅಂಗಡಿಯಿಂದ ಎಲೆ ಮರೆಯಾಯಿತು; ಹೆಸರು ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು.

2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರದ ನಿಯಮವು ಬೇರೆ ದಾರಿ ಹಿಡಿದು, ಚೀಲದ ಕನಿಷ್ಠ ದಪ್ಪವನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೂ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೂ ಏರಿಸಿತು.

ಅಕ್ಕಿ, ಬೇಳೆ, ಮೆಣಸಿನಕಾಯಿಗೆ ಕಾಗದದ ಪೊಟ್ಟಣವೂ ಬಟ್ಟೆಯ ಚೀಲವೂ ಸಾಕು. ತೊಡಕಿರುವುದು ಹಸಿ ಪದಾರ್ಥಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಮಳೆಯಲ್ಲಿ. ಆಷಾಢದ ಜಡಿಮಳೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯುವ ಹೆಂಗಸಿನ ಕೈಯಲ್ಲಿ ಸಕ್ಕರೆಯ ಪೊಟ್ಟಣ ಮನೆ ಮುಟ್ಟುವುದಿಲ್ಲ. ಬಯಲುಸೀಮೆಯಲ್ಲಿ ಕುಳಿತು ಕಾಗದದ ಚೀಲವನ್ನು ಹೊಗಳುವವರಿಗೆ ಇದು ಹೊಳೆಯದು. ಮುಚ್ಚಳವಿರುವ ಡಬ್ಬಿಯನ್ನು ಮನೆಯಿಂದಲೇ ಒಯ್ಯುವುದು ಇದಕ್ಕೆ ಉಪಾಯ. ಬರಿ ಡಬ್ಬಿಯನ್ನು ಮೊದಲು ತೂಗಿ ಆ ತೂಕವನ್ನು ಕಳೆದರೆ ಮೀನು, ಮಾಂಸ, ಸಕ್ಕರೆ ಯಾವುದಕ್ಕೂ ಮೋಸವಿಲ್ಲ. ಆದರೆ ಬರಿಗೈಯಲ್ಲಿ ಬಂದ ಗಿರಾಕಿ ಕೊಟ್ಟೆ ಸಿಗದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತಾನೆ; ಕೊಟ್ಟರೆ ದಂಡ ತೆರುವವನು ಸಣ್ಣ ವ್ಯಾಪಾರಿ. ಅವನ ಗೊಣಗಾಟದಲ್ಲಿ ನ್ಯಾಯವಿದೆ.

ಬಟ್ಟೆಯಂತೆ ಕಾಣುವ ಬಣ್ಣದ ಚೀಲಗಳೂ ಬಂದಿವೆ. ಅವು ನೇಯ್ದವಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಮಾಡಿದವು. ಒಂದೆಳೆಯನ್ನು ಕಿಡಿಗೆ ಹಿಡಿದರೆ ತಿಳಿಯುತ್ತದೆ: ಹತ್ತಿ ಬೂದಿಯಾಗುತ್ತದೆ, ಇದು ಕರಗಿ ಉಂಡೆಗಟ್ಟುತ್ತದೆ.

ಎಸೆದ ಚೀಲವನ್ನು ಅದರೊಳಗಿನ ಅನ್ನದ ವಾಸನೆಗೆ ದನ ನುಂಗುತ್ತದೆ. ಅದು ಮೆಲುಕಿಗೂ ಬಾರದು, ಜೀರ್ಣವೂ ಆಗದು. ಮೊದಲ ಹೊಟ್ಟೆಯಲ್ಲಿ ಗಂಟಾಗಿ ಕೂತು ಮೇವಿನ ಜಾಗವನ್ನು ಕಬಳಿಸುತ್ತದೆ. ಹೊಟ್ಟೆ ತುಂಬಿದಂತಿದ್ದೇ ದನ ಸೊರಗುತ್ತದೆ.

2016ರ ಆದೇಶದಲ್ಲಿ ವಿನಾಯಿತಿಗಳೂ ಇದ್ದವು: ಹಾಲಿನ ಪೊಟ್ಟಣಕ್ಕೆ, ಕಾರ್ಖಾನೆಯಲ್ಲಿಯೇ ಮುಚ್ಚಿ ಬರುವ ಪೊಟ್ಟಣಗಳಿಗೆ, ಸರ್ಕಾರಿ ಇಲಾಖೆಗಳ ಬೇಡಿಕೆಯಂತೆ ಸಸ್ಯಪಾಲನಾ ಕೇಂದ್ರಗಳಲ್ಲಿ ಬಳಸುವ ಚೀಲಗಳಿಗೆ. ಆದ್ದರಿಂದ ಅಂಗಡಿಯವನನ್ನು ದೂರುವ ಕೃಷಿಕ ತನ್ನ ತೋಟವನ್ನೂ ಒಮ್ಮೆ ಸುತ್ತಿ ಬರಬೇಕು. ಅಡಿಕೆ ಸಸಿ ನೆಡುವಾಗ ಸೀಳಿ ತೆಗೆದ ಕಪ್ಪು ಚೀಲಗಳು ಬದುವಿನ ಮೇಲೆಯೇ ಬಿದ್ದಿರುತ್ತವೆ. ಮೊದಲ ದೊಡ್ಡ ಮಳೆಗೆ ಅವು ಬಸಿಗಾಲುವೆಗೆ ಇಳಿದು ಅಡ್ಡ ಕಟ್ಟುತ್ತವೆ. ನೀರು ನಿಂತಲ್ಲಿ ಅಡಿಕೆಯ ಬೇರು ಕೊಳೆಯುತ್ತದೆ.