ಮೂವತ್ತಾರು ವರ್ಷ ಕಾದ ಪದವಿ



ಘಟಿಕೋತ್ಸವವೆಂದರೆ ವಿದ್ಯಾರ್ಥಿಯ ಗೆಲುವನ್ನು ನಾಲ್ಕು ಜನರ ಮುಂದೆ ಸಾರುವ ದಿನ. ಆದರೆ ಅಮೆರಿಕದ ಕಪ್ಪು ಜನರಲ್ಲಿ ಪದವಿಯ ಸಂಭ್ರಮ ಒಬ್ಬರದಾಗಿ ಉಳಿಯುವುದಿಲ್ಲ. ಅಜ್ಜ, ಅಜ್ಜಿ, ನೆರೆಹೊರೆ, ಚರ್ಚಿನ ಬಂಧುಗಳು, ಎಲ್ಲರೂ ಅದರಲ್ಲಿ ಪಾಲುದಾರರು. ಹೀಗೇಕೆ ಎಂಬುದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಓದು ಬಂದವನು ರಹದಾರಿ ಚೀಟಿಯನ್ನು ತಾನೇ ಬರೆದುಕೊಂಡು ಪಾರಾದಾನು, ಇತರರನ್ನೂ ಎಬ್ಬಿಸಿಯಾನು ಎಂಬುದು ಒಡೆಯರ ಭಯ. ಉತ್ತರದಲ್ಲಿ ಮಾತ್ರ ಒಂದೆರಡು ಬಾಗಿಲುಗಳು ತೆರೆದಿದ್ದವು. 1823ರಲ್ಲಿ ಅಲೆಕ್ಸಾಂಡರ್ ಟ್ವಿಲೈಟ್ ಮಿಡಲ್‌ಬರಿ ಕಾಲೇಜಿನಲ್ಲಿಯೂ, 1862ರಲ್ಲಿ ಮೇರಿ ಜೇನ್ ಪ್ಯಾಟರ್ಸನ್ ಒಬರ್ಲಿನ್ ಕಾಲೇಜಿನಲ್ಲಿಯೂ ಪದವಿ ಪಡೆದರು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಅಳಿದ ಮೇಲೆ ಕಪ್ಪು ಜನರಿಗಾಗಿಯೇ ಫಿಸ್ಕ್, ಹೋವರ್ಡ್ ಮುಂತಾದ ಸಂಸ್ಥೆಗಳು ಹುಟ್ಟಿದವು. ಆದರೆ ಅವರ ತೆರಿಗೆ ಹಣವೂ ಸೇರಿ ನಡೆಯುತ್ತಿದ್ದ ದಕ್ಷಿಣದ ಸರ್ಕಾರಿ ವಿಶ್ವವಿದ್ಯಾಲಯಗಳ ಬಾಗಿಲು ಇನ್ನೂ ಬಹುಕಾಲ ಮುಚ್ಚಿಯೇ ಇತ್ತು.

ಆ ಬಾಗಿಲು ತಟ್ಟಿದವರಲ್ಲಿ ಆಥರಿನ್ ಲೂಸಿ ಒಬ್ಬರು. ಅಲಬಾಮಾದ ರೈತ ಕುಟುಂಬದ ಮಗಳು. 1952ರಲ್ಲಿ ಪದವಿ ಮುಗಿಸಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಮೊದಲು ಪ್ರವೇಶ ಸಿಕ್ಕಿತು. ಬಣ್ಣ ತಿಳಿದ ಕೂಡಲೇ ರದ್ದಾಯಿತು. ಮೂರು ವರ್ಷ ವ್ಯಾಜ್ಯ ನಡೆಸಿ ಗೆದ್ದು, 1956ರ ಫೆಬ್ರವರಿ 3ರಂದು ತರಗತಿಗೆ ಕಾಲಿಟ್ಟರು. ವಿದ್ಯಾರ್ಥಿನಿಲಯದಲ್ಲಿ ಜಾಗವಿಲ್ಲ, ಊಟದ ಮನೆಗೆ ಪ್ರವೇಶವಿಲ್ಲ. ಮೂರನೆಯ ದಿನದ ಪಾಠಕ್ಕೆ ಬಂದಾಗ ಉದ್ರಿಕ್ತ ಗುಂಪು ಕಲ್ಲು, ಮೊಟ್ಟೆ ತೂರಿತು. ಕಲ್ಲು ತೂರಿದವರನ್ನು ತಡೆಯುವ ಬದಲು ವಿಶ್ವವಿದ್ಯಾಲಯ ಆಕೆಯ ಕ್ಷೇಮದ ನೆಪ ಹೇಳಿ ಆಕೆಯನ್ನೇ ಹೊರಗೆ ಕಳುಹಿಸಿತು. ಕೆಲವೇ ವಾರಗಳಲ್ಲಿ ಶಾಶ್ವತವಾಗಿ ಉಚ್ಚಾಟಿಸಿತು. ಅಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿನಿ ವಿವಿಯನ್ ಮಲೋನ್, ಅದು 1965ರಲ್ಲಿ.

ಲೂಸಿ ಶಿಕ್ಷಕಿಯಾಗಿ ಬಾಳಿದರು. 1988ರಲ್ಲಿ ಉಚ್ಚಾಟನೆಯ ಆದೇಶ ರದ್ದಾಯಿತು. ಅರವತ್ತರ ಹೊಸ್ತಿಲಲ್ಲಿದ್ದ ಆಕೆ ಮತ್ತೆ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದರು. 1992ರಲ್ಲಿ ಸ್ನಾತಕೋತ್ತರ ಪದವಿ ಕೈಸೇರಿತು. ಅದೇ ಘಟಿಕೋತ್ಸವದಲ್ಲಿ ಅವರ ಮಗಳೂ ಪದವಿ ಪಡೆದರು. ತಾಯಿಯನ್ನು ಹೊರದಬ್ಬಿದ ಅಂಗಳದಲ್ಲಿ ತಾಯಿ, ಮಗಳಿಬ್ಬರೂ ಪದವೀಧರೆಯರು!

ಇಂಥ ಚರಿತ್ರೆ ಇರುವುದರಿಂದಲೇ ಹಲವು ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಪದವೀಧರರಿಗಾಗಿ ಬೇರೊಂದು ಸಮಾರಂಭವೂ ನಡೆದು ಬಂದಿದೆ. ಅನೇಕರು ಕರಿ ನಿಲುವಂಗಿಯ ಮೇಲೆ ಘಾನಾ ದೇಶದ ಕೆಂಟೆ ನೇಯ್ಗೆಯ ಬಣ್ಣದ ಪಟ್ಟಿ ಧರಿಸುತ್ತಾರೆ. ಒಂದು ದೇಶದಲ್ಲಿ ಎರಡು ಸಮಾರಂಭ ಏಕೆ, ಇದು ಮತ್ತೆ ಬೇರ್ಪಡಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಆದರೆ ಇದು ಮುಖ್ಯ ಘಟಿಕೋತ್ಸವಕ್ಕೆ ಬದಲಿಯಲ್ಲ, ಅದರ ಜೊತೆಗಿನದು. ಅಂದಿನ ಪ್ರತ್ಯೇಕತೆ ಹೊರಗಿಡುವುದಕ್ಕಾಗಿ ಇತ್ತು. ಈ ಸಮಾರಂಭ ದಾರಿ ಮಾಡಿಕೊಟ್ಟವರನ್ನು ನೆನೆಯುವುದಕ್ಕಾಗಿ ಇದೆ. 2025ರಲ್ಲಿ ಹಾರ್ವರ್ಡ್ ಇಂಥ ಸಮಾರಂಭಗಳಿಗೆ ಹಣ, ಸಿಬ್ಬಂದಿ, ಜಾಗ ಒದಗಿಸುವುದನ್ನು ನಿಲ್ಲಿಸಿದಾಗ ಈ ಚರ್ಚೆ ಇನ್ನಷ್ಟು ಬಿಸಿಯಾಯಿತು. ನೆರವನ್ನು ನಿಲ್ಲಿಸಬಹುದು, ನೆನಪನ್ನು ನಿಲ್ಲಿಸುವುದು ಕಷ್ಟ.

ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕು ಕ್ಲಕ್ಸ್ ಕ್ಲಾನಿನ ಮುಖಂಡನಾಗಿದ್ದ ಗವರ್ನರ್ ಒಬ್ಬನ ಹೆಸರು ಹೊತ್ತ ಕಟ್ಟಡವೊಂದಿತ್ತು. 2022ರ ಫೆಬ್ರವರಿಯಲ್ಲಿ ಅದಕ್ಕೆ ಆಥರಿನ್ ಲೂಸಿಯ ಹೆಸರಿಟ್ಟರು. ಆ ಸಮಾರಂಭಕ್ಕೆ ಸ್ವತಃ ಬಂದಿದ್ದ ಆಕೆ, ಕೆಲವೇ ದಿನಗಳಲ್ಲಿ, ಮಾರ್ಚ್ 2ರಂದು, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದೆ ಶಿಕ್ಷಕರಾಗಲಿರುವ ವಿದ್ಯಾರ್ಥಿಗಳು ಓದುವುದು ಆ ಕಟ್ಟಡದಲ್ಲಿಯೇ.