ಪ್ರೈಜ್ ಸರಿ, ಟೈಮಿಂಗ್ ಎಷ್ಟು?



ಕೊಡಗಿನ ಹೈಸ್ಕೂಲ್ ಹುಡುಗಿಯೊಬ್ಬಳು ಜಿಲ್ಲಾ ಮಟ್ಟದ 100 ಮೀಟರ್ ಈಜಿನಲ್ಲಿ ಗೆದ್ದಳು ಅಂತಿಟ್ಟುಕೊಳ್ಳಿ. ಶಾಲೆಯಲ್ಲಿ ಚಪ್ಪಾಳೆ, ಮನೆಯಲ್ಲಿ ಪಾಯಸ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ. ಎಲ್ಲರೂ ಕೇಳೋದು ಒಂದೇ: ಎಷ್ಟನೇ ಪ್ರೈಜು? ನಾನು ಇವತ್ತು ಬೇರೆ ಪ್ರಶ್ನೆ ಕೇಳ್ತೀನಿ. ಟೈಮಿಂಗ್ ಎಷ್ಟು?

ರಾಜ್ಯ ಮಟ್ಟಕ್ಕೆ ಹೋಗೋಕೆ ನಮ್ಮ ಮಕ್ಕಳಿಗೆ ಎರಡು ದಾರಿಗಳಿವೆ. ಒಂದು, ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲು. ಕೊಡಗು ಮೈಸೂರು ವಿಭಾಗಕ್ಕೆ ಸೇರುತ್ತೆ. ಇಲ್ಲಿ ಮುಖ್ಯ ಆಗೋದು ಸ್ಥಾನ. ಇನ್ನೊಂದು, ಕರ್ನಾಟಕ ಈಜು ಸಂಸ್ಥೆ ನಡೆಸುವ ವಯೋಮಿತಿವಾರು ಚಾಂಪಿಯನ್‌ಷಿಪ್. ಅಲ್ಲಿಗೆ ಕ್ಲಬ್ ಮೂಲಕ ಹೋಗಬೇಕು. ಅಲ್ಲಿಂದ ಮುಂದೆ ಬೆಳೆಯೋಕೆ ಬೇಕಾಗೋದು ಸಮಯ, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ.

ವ್ಯತ್ಯಾಸ ಗಮನಿಸಿ. ಅವತ್ತು ಪಕ್ಕದ ಲೇನಿನಲ್ಲಿ ಯಾರಿದ್ದರು ಅನ್ನೋದರ ಮೇಲೆ ಸ್ಥಾನ ನಿಂತಿರುತ್ತೆ. ನಾಲ್ಕೇ ಮಕ್ಕಳಿದ್ದ ಜಿಲ್ಲೆಯಲ್ಲೂ ಮೊದಲ ಸ್ಥಾನ ಇರುತ್ತೆ, ನಲವತ್ತು ಮಕ್ಕಳಿದ್ದ ಬೆಂಗಳೂರಲ್ಲೂ ಇರುತ್ತೆ. ಸಮಯಕ್ಕೆ ಆ ಹಂಗಿಲ್ಲ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದ್ದು 53.77 ಸೆಕೆಂಡ್. ಟೋಕಿಯೋ ಒಲಿಂಪಿಕ್ಸ್‌ನ 'ಎ' ಅರ್ಹತಾ ಮಟ್ಟ 53.85. ಬರೀ 0.08 ಸೆಕೆಂಡ್! ಕಣ್ಣು ಮಿಟುಕಿಸೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಾವೇರಿ ಹುಟ್ಟೋ ನಾಡಿನ ಮಕ್ಕಳಿಗೆ ನೀರು ಹೊಸದಲ್ಲ. ಆದರೆ ಹೊಳೆಯಲ್ಲಿ ಲೇನ್ ಇಲ್ಲ, ತಿರುಗೋಕೆ ಗೋಡೆ ಇಲ್ಲ, ಸೆಳವು ಬೇರೆ, ಜೀವಕ್ಕೂ ಅಪಾಯ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟದಿದ್ದರೆ ಅನರ್ಹ. ಆರಂಭದ ಸಂಕೇತಕ್ಕಿಂತ ಮೊದಲು ಹಾರಿದರೆ ಅನರ್ಹ. ಇದನ್ನೆಲ್ಲ ಕೊಳದಲ್ಲೇ ಕಲಿಯಬೇಕು. ಶಾಲಾ ಕ್ರೀಡಾಕೂಟಗಳು ಶುರುವಾಗೋ ಹೊತ್ತಿಗೆ ಕೊಡಗಲ್ಲಿ ಮಳೆ. ಎಷ್ಟೋ ದಿನ ಶಾಲೆಗೇ ರಜೆ, ಇನ್ನು ಅಭ್ಯಾಸ ಎಲ್ಲಿಂದ ಬರಬೇಕು?

ಹೀಗೆ ತಯಾರಿ ಇಲ್ಲದೆ ಗೆದ್ದ ಮಗು ಘಟ್ಟ ಇಳಿದು ದೊಡ್ಡ ಊರಿನ ಕೊಳಕ್ಕೆ ಹೋಗುತ್ತೆ. ಅರ್ಧ ಕೊಳ ಹಿಂದೆ ಬೀಳುತ್ತೆ. 'ನನ್ನ ಕೈಲಾಗಲ್ಲ' ಅಂದುಕೊಂಡು ಬರುತ್ತೆ. ಸೋತಿದ್ದು ಮಗು ಅಲ್ಲ ಸ್ವಾಮಿ, ತಾನು ಎಲ್ಲಿದ್ದೀನಿ ಅಂತ ಅದಕ್ಕೆ ಯಾರೂ ಮೊದಲೇ ಹೇಳಿರಲಿಲ್ಲ.

ಹಾಕಿ ನೋಡಿ. ಮೈದಾನ ಇತ್ತು, 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯಿತು, ಮನೆಮನೆಯಿಂದ ಆಟಗಾರರು ಬಂದರು. ಈಜಿಗೂ ಅಂಥದ್ದೇ ನೆಲೆ ಬೇಕು. 5 ತಾಲ್ಲೂಕುಗಳ ಸರ್ಕಾರಿ ಶಾಲೆ ಮಕ್ಕಳಿಗೂ ದಿನಾ ಕೊಳ ಸಿಗಲಿ. ತರಬೇತುದಾರರು ಸಿಗಲಿ.

ಅಲ್ಲಿಯವರೆಗೆ ಖರ್ಚಿಲ್ಲದ ಒಂದು ಕೆಲಸ ಮಾಡಬಹುದು. ಪ್ರತಿ ಸರ್ಟಿಫಿಕೇಟಿನಲ್ಲೂ ಸ್ಥಾನದ ಪಕ್ಕ ಸಮಯ ಬರೆದುಕೊಡಿ. ಅಳತೆ ಇಲ್ಲದೆ ಸುಧಾರಣೆ ಇಲ್ಲ. ಇಂಜಿನಿಯರಿಂಗ್ ಓದಿ ನನಗೆ ನೆನಪುಳಿದ ಪಾಠ ಅದೊಂದೇ! ಅಪ್ಪ ಅಮ್ಮಂದಿರೇ, ಈ ಸಲ ಮಗು ಮನೆಗೆ ಬಂದಾಗ ಪಾಯಸ ಬಡಿಸಿ, ಜೊತೆಗೆ ಕೇಳಿ: ಹೋದ ವರ್ಷಕ್ಕಿಂತ ಎಷ್ಟು ಸೆಕೆಂಡ್ ಕಡಿಮೆ ಮಾಡಿದೆ, ಮಗಾ?