ಗಿರಿಯ ಏರಿನಲ್ಲಿ ಫಿಯೆಟ್

ಕೈಮರವನ್ನು ದಾಟಿ ಬಾಬಾಬುಡನ್‌ಗಿರಿಗೆ ಏರುವ ತಿರುವುಗಳಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ಎರಡನೆಯ ಗೇರಿನಲ್ಲಿ ಗಂಭೀರವಾಗಿ ಸಾಗುವುದನ್ನು ಕಂಡವರಿಗೆ, ಅದರ ಕುಲಮೂಲವು ಇಟಲಿಯ ಟುರಿನ್ ನಗರದಲ್ಲಿದೆಯೆಂಬುದು ಸ್ಮರಣೆಗೆ ಬಾರದು. ದಾಂತೆ ಜಿಯಾಕೋಸಾ 1937ರ ಫಿಯೆಟ್‌ಗಾಗಿ ರೂಪಿಸಿದ 1089 ಸಿ.ಸಿ. ಯಂತ್ರದ ಸಂತತಿಯೇ ಮುಂಬಯಿಯ ಕುರ್ಲಾದಲ್ಲಿ ಬೆಳೆದು, 1970ರ ದಶಕದಲ್ಲಿ ಆ ಭಾರತೀಯ ನಾಮಧೇಯವನ್ನು ಧರಿಸಿತು. ಮೋಕಾದಿಂದ ಬಂದುದೆಂದು ಪ್ರತೀತಿಯುಳ್ಳ ಕಾಫಿಬೀಜವನ್ನೇ ತನ್ನದಾಗಿಸಿಕೊಂಡ ಮಲೆಗೆ ಈ ಬಂಡಿ ಪರಕೀಯವೆನಿಸೀತೆ?

ಇಂತಹ ವಾಹನವನ್ನು ಉಳಿಸಿಕೊಂಡ ಅಭಿಮಾನಿಗಳು ಕಲೆತಾಗ ವೇಗದ ಪ್ರಸ್ತಾಪವೇ ಬಾರದು. ಸ್ಟೇರಿಂಗಿನ ಮಗ್ಗುಲಿಗೇ ಇರುವ ಗೇರ್ ಹಿಡಿಯ ಮರ್ಜಿ, ಆಷಾಢದ ಮಳೆಗೆ ತುಕ್ಕು ಹಿಡಿಯುವ ನೆಲದ ತಗಡು, ತೇವಕ್ಕೆ ಮುನಿಯುವ ಡಿಸ್ಟ್ರಿಬ್ಯೂಟರ್, ದೊರೆಯದ ಬಿಡಿಭಾಗವನ್ನು ಲೇತಿನಲ್ಲಿ ಕಡೆದುಕೊಡುವ ಮೇಸ್ತ್ರಿಯ ಕೌಶಲ, ಇವುಗಳದೇ ಪಾರಾಯಣ. ಇದನ್ನು ಹುಚ್ಚೆನ್ನುವವರುಂಟು, ನಾನಂತೂ ಎನ್ನಲಾರೆ. ರೇಡಿಯೇಟರು ಕಾದೊಡನೆ ಏರಿನಲ್ಲಿ ನಿಲ್ಲಲೇಬೇಕಾದುದರಿಂದಲೇ ದಾರಿಯ ತೋಟದವರ ಪರಿಚಯವಾಯಿತೆಂದು ಅವರು ಸಾಭಿಮಾನವಾಗಿ ಹೇಳಿಕೊಳ್ಳುತ್ತಾರೆ.